ಬಿಳಿಯ ರಕ್ತಕಣಗಳೂ ಕೊಬ್ಬಿನ ಲೆಕ್ಕವೂ

ಮಳೆಗಾಲ ಕಳೆದು ಅಡಕೆಯ ಕೊಯ್ಲು ನಡೆಯುತ್ತಿರುವಂತೆಯೇ ಮಲೆನಾಡಿನ ಕಾಡುಗಳಲ್ಲಿ ತರಗೆಲೆಗಳು ಒಣಗಿ ನೆಲಕ್ಕೆ ಹಾಸಿಕೊಳ್ಳುತ್ತವೆ. ಆ ತರಗೆಲೆಗಳ ನಡುವೆ ಎಳ್ಳಿನ ಕಾಳಿಗಿಂತ ಚಿಕ್ಕವಾದ ಎಳೆಯ ಉಣುಗುಗಳು ಹಸಿದು ಕಾದಿರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಈ ಅವಧಿಯು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಜನರಿಗೆ ಆತಂಕದ ಕಾಲ. ಸೊಪ್ಪು, ದರಗು, ಸೌದೆಗಳಿಗಾಗಿ ಬೆಟ್ಟಕ್ಕೆ ಹೋದವರನ್ನಾಗಲಿ, ದನ ಮೇಯಿಸುವವರನ್ನಾಗಲಿ, ತೋಟದ ಕೂಲಿಗಳನ್ನಾಗಲಿ ವೈರಸ್ಸನ್ನು ಹೊತ್ತ ಉಣುಗು ಕಚ್ಚಿದರೆ, ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತೀವ್ರ ತಲೆನೋವು, ಸಹಿಸಲಾಗದ ಮೈಕೈನೋವು ಕಾಣಿಸಿಕೊಳ್ಳುತ್ತವೆ. ಇದೇ ಮಂಗನ ಕಾಯಿಲೆ. ೨೦೨೪ ಮತ್ತು ೨೦೨೫ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಈ ಭಾಗದಲ್ಲಿ ಕಾಯಿಲೆಯು ಮತ್ತೆ ತಲೆಯೆತ್ತಿತು.

ಈ ಜ್ವರದ ನಡೆ ವಿಚಿತ್ರವಾದುದು. ರೋಗಿಗಳಲ್ಲಿ ಹೆಚ್ಚಿನವರು ಒಂದೆರಡು ವಾರಗಳಲ್ಲಿ ಗುಣ ಹೊಂದುತ್ತಾರೆ. ಆದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ, ಜ್ವರ ಬಿಟ್ಟು ಮೈ ಹಗುರವಾಯಿತೆನ್ನುವಷ್ಟರಲ್ಲಿ, ಮೂರನೆಯ ವಾರದ ಸುಮಾರಿಗೆ ಎರಡನೆಯ ಸಲ ಜ್ವರ ಬರುತ್ತದೆ. ಆಗ ಕೈಕಾಲು ನಡುಗುವುದು, ದೃಷ್ಟಿ ಮಂಜಾಗುವುದು, ಬುದ್ಧಿ ಕಲಕುವುದು ಮೊದಲಾದ ಮಿದುಳಿನ ತೊಂದರೆಗಳೂ ತೋರಬಹುದು. ರೋಗ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯವಾದ ಅಂದಾಜು. ವೈರಸ್ಸು ಒಂದೇ, ಕಾಡೂ ಒಂದೇ. ಹೀಗಿದ್ದರೂ ಒಬ್ಬನಲ್ಲಿ ದೇಹವು ಹಗೆಯನ್ನು ಬೇಗನೆ ಹೊಡೆದಟ್ಟುತ್ತದೆ. ಇನ್ನೊಬ್ಬನಲ್ಲಿ ಕಾಳಗ ಬಹುಕಾಲ ನಡೆದು, ರಣರಂಗವಾದ ದೇಹವೇ ಹಾಳಾಗುತ್ತದೆ. ಏಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ಹಲವು ಕಡೆಗಳಲ್ಲಿ ಹಂಚಿಹೋಗಿದೆ. ಅವುಗಳಲ್ಲಿ ಒಂದು ಭಾಗವು ನಾವು ಊಹಿಸದ ಎಡೆಯಲ್ಲಿ, ಎಂದರೆ ಬಿಳಿಯ ರಕ್ತಕಣಗಳು ಕೊಬ್ಬನ್ನು ನಿರ್ವಹಿಸುವ ರೀತಿಯಲ್ಲಿ, ಅಡಗಿದೆಯೆಂದು ಕಳೆದ ಮೂರು ದಶಕಗಳ ಸಂಶೋಧನೆಗಳು ತೋರಿಸಿವೆ. ತುಪ್ಪ, ಎಣ್ಣೆಗಳ ಜಾತಿಯ ವಸ್ತುಗಳಿಗೂ ರೋಗದೊಡನೆ ಹೋರಾಡುವ ಶಕ್ತಿಗೂ ಇರುವ ಈ ನಂಟನ್ನು ತಿಳಿಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ಯಾಸನೂರಿನಿಂದ ಕೊಪ್ಪದವರೆಗೆ

ಮೊದಲು ರೋಗದ ಪರಿಚಯವನ್ನು ಸಂಗ್ರಹವಾಗಿ ಮಾಡಿಕೊಳ್ಳೋಣ. ೧೯೫೭ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದುವು. ಸುತ್ತಣ ಹಳ್ಳಿಗಳ ಜನರಿಗೂ ಕಠಿಣವಾದ ಜ್ವರ ತಗುಲಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವು ಭಾರತಕ್ಕೂ ಕಾಲಿಟ್ಟಿತೇ ಎಂದು ಅನೇಕರು ಅಂಜಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಕಾಡಿಗೆ ಬಂದು, ರೋಗಕ್ಕೆ ಕಾರಣ ಹಳದಿ ಜ್ವರದ ವೈರಸ್ಸಲ್ಲ, ಅದೇ ಮನೆತನಕ್ಕೆ ಸೇರಿದ ಹೊಸದೊಂದು ವೈರಸ್ಸು ಎಂದು ಕಂಡುಹಿಡಿದರು. ಆ ಕಾಡಿನ ಹೆಸರೇ ವೈರಸ್ಸಿಗೂ ಅಂಟಿತು. ಪುಣೆಯ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಫ್ಲೇವಿವೈರಸ್ ಎಂಬ ಈ ಮನೆತನದಲ್ಲಿ ಡೆಂಗೆ, ಜಪಾನೀ ಮಿದುಳುಜ್ವರ, ಝೀಕಾ ಮೊದಲಾದ ರೋಗಗಳ ವೈರಸ್ಸುಗಳೂ ಇವೆ. ಅವನ್ನು ಸೊಳ್ಳೆಗಳು ಹರಡುತ್ತವೆ. ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು ಇದರಲ್ಲಿ ಮುಖ್ಯವಾದುದು. ಕರಿಮುಸುಡಿನ ಮುಸುವ ಮತ್ತು ಕೆಂಪು ಮೋರೆಯ ಮಂಗಗಳೆರಡಕ್ಕೂ ಈ ರೋಗ ತಗುಲುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಮೊದಲು ಶಿವಮೊಗ್ಗ ಜಿಲ್ಲೆಗೆ ಸೀಮಿತವಾಗಿದ್ದ ರೋಗವು ಕ್ರಮೇಣ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಿಗೂ, ಮುಂದೆ ಸಹ್ಯಾದ್ರಿಯ ಸಾಲನ್ನು ಹಿಡಿದು ಕೇರಳ, ಗೋವಾ, ಮಹಾರಾಷ್ಟ್ರ, ತಮಿಳುನಾಡುಗಳಿಗೂ ಹಬ್ಬಿತು.

ರೋಗಿಯ ರಕ್ತವನ್ನು ಪರೀಕ್ಷಿಸಿದರೆ ಬಿಳಿಯ ರಕ್ತಕಣಗಳ ಹಾಗೂ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳ ಸಂಖ್ಯೆ ಇಳಿದಿರುವುದು ಕಂಡುಬರುತ್ತದೆ. ಹೀಗೆ ಈ ರೋಗದ ಕಾಳಗದಲ್ಲಿ ಮೊದಲಿನಿಂದ ಕೊನೆಯವರೆಗೂ ಸಿಲುಕಿರುವವು ಬಿಳಿಯ ಕಣಗಳು. ಆದುದರಿಂದ ಅವುಗಳ ಸ್ವಭಾವವನ್ನು ಈಗ ನೋಡಬೇಕು.

ಕಾವಲುಗಾರನೂ ಜಾಡಮಾಲಿಯೂ ಒಬ್ಬನೇ

೧೮೮೨ರಲ್ಲಿ ಇಲ್ಯಾ ಮೆಚ್ನಿಕೊಫ್ ಎಂಬ ರಷ್ಯದ ಪ್ರಾಣಿವಿಜ್ಞಾನಿಯು ಇಟಲಿಯ ಮೆಸ್ಸಿನಾ ಪಟ್ಟಣದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಮುಳ್ಳೊಂದನ್ನು ಚುಚ್ಚಿಟ್ಟು, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅಲೆದಾಡುವ ಜೀವಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ದೇಹಕ್ಕೆ ಹೊರಗಿನಿಂದ ಬಂದುದನ್ನು ತಿಂದುಹಾಕುವ ಕಣಗಳಿವೆಯೆಂಬ ತತ್ವಕ್ಕೆ ಅದೇ ಬುನಾದಿಯಾಯಿತು. ಈ ಸಂಶೋಧನೆಗಾಗಿ ೧೯೦೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದ ಒಂದು ಪಾಲು ದೊರೆಯಿತು. ಇಂತಹ ಕಣಗಳಲ್ಲಿ ದೊಡ್ಡವಾದುವಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರು. ಕನ್ನಡದಲ್ಲಿ ನಾವು ಅವನ್ನು ಮಹಾಭಕ್ಷಕ ಕಣಗಳೆಂದು ಕರೆಯಬಹುದು. ಚರ್ಮ, ಪುಪ್ಪುಸ, ಯಕೃತ್ತು, ಗುಲ್ಮ, ಮಿದುಳು ಹೀಗೆ ದೇಹದ ಎಲ್ಲ ಅಂಗಗಳಲ್ಲಿಯೂ ಅವು ನೆಲೆಸಿವೆ.

ಮಹಾಭಕ್ಷಕ ಕಣಕ್ಕೆ ಎರಡು ಕೆಲಸಗಳು. ಮೊದಲನೆಯದು ಕಾವಲು: ರೋಗಾಣುವನ್ನು ಗುರುತಿಸಿ, ನುಂಗಿ, ಕೊಂದು, ಸುತ್ತಮುತ್ತಣ ಕಣಗಳಿಗೆ ರಾಸಾಯನಿಕಗಳ ಮೂಲಕ ಎಚ್ಚರಿಕೆಯನ್ನು ಸಾರುವುದು. ಆಗ ಆ ಜಾಗ ಕೆಂಪೇರಿ, ಬಿಸಿಯಾಗಿ, ಬಾತು ನೋಯುತ್ತದೆ. ಇದನ್ನೇ ಉರಿಯೂತವೆನ್ನುತ್ತೇವೆ. ಎರಡನೆಯದು ಗುಡಿಸುವ ಕೆಲಸ. ನಮ್ಮ ದೇಹದಲ್ಲಿ ದಿನವೂ ಕೋಟ್ಯನುಕೋಟಿ ಜೀವಕಣಗಳು ಮುಪ್ಪಾಗಿ ಸಾಯುತ್ತವೆ. ಆ ಹೆಣಗಳನ್ನು ಸದ್ದಿಲ್ಲದೆ ನುಂಗಿ ಜಾಗವನ್ನು ಶುದ್ಧಗೊಳಿಸುವುದೂ ಇದೇ ಕಣ. ಕಾವಲಿಗೆ ಉರಿಯೂತ ಬೇಕು; ಗುಡಿಸುವ ಕೆಲಸಕ್ಕೆ ಅದು ಕೂಡದು. ಮಹಾಭಕ್ಷಕವು ತಾನೀಗ ಹೋರಾಡಬೇಕೋ ಶಾಂತವಾಗಿ ಗುಡಿಸಬೇಕೋ ಎಂಬುದನ್ನು ಹೇಗೆ ನಿರ್ಧರಿಸುತ್ತದೆ?

ರೋಗಾಣುಗಳ ಗುರುತನ್ನು ಹಿಡಿಯುವ ಅಂಗಗಳು ಕಣದ ಹೊರಮೈಯಲ್ಲಿವೆ. ಅವು ಒಂದು ಸುಳಿವನ್ನು ಕೊಡುತ್ತವೆ. ಇನ್ನೊಂದು ಸುಳಿವು ಹೊಟ್ಟೆಯೊಳಗಿನಿಂದಲೇ ಬರುತ್ತದೆ. ಪ್ರತಿಯೊಂದು ಜೀವಕಣದ ಪೊರೆಯೂ ಮೇದೋವಸ್ತುಗಳಿಂದ ಆದದ್ದು. ಕೊಬ್ಬು, ಎಣ್ಣೆ, ಕೊಲೆಸ್ಟರಾಲ್ ಮುಂತಾದ, ನೀರಿನಲ್ಲಿ ಕರಗದ ವಸ್ತುಗಳಿಗೆ ಮೇದೋವಸ್ತುಗಳೆಂದು ಹೆಸರು. ಒಂದು ಸತ್ತ ಕಣವನ್ನು ನುಂಗಿದ ಮಹಾಭಕ್ಷಕಕ್ಕೆ, ತನ್ನಲ್ಲಿದ್ದ ಕೊಲೆಸ್ಟರಾಲಿನ ಜೊತೆಗೆ ಇನ್ನೊಂದು ಕಣದ ಕೊಲೆಸ್ಟರಾಲೂ ಸೇರುತ್ತದೆ. ಸಕ್ಕರೆಯನ್ನು ಉರಿಸಿ ಕಳೆಯುವಂತೆ ಕೊಲೆಸ್ಟರಾಲನ್ನು ಉರಿಸಿ ಕಳೆಯಲು ಬರುವುದಿಲ್ಲ. ಅದನ್ನು ಹೊರಕ್ಕೆ ಸಾಗಿಸಬೇಕು, ಇಲ್ಲವೇ ಒಳಗೆ ಕೂಡಿಡಬೇಕು. ಲೆಕ್ಕ ತಪ್ಪಿದರೆ ಕಣವು ಕೊಬ್ಬಿನ ಹನಿಗಳಿಂದ ತುಂಬಿ ನೊರೆಯಂತಾಗುತ್ತದೆ. ರಕ್ತನಾಳಗಳ ಗೋಡೆಯಲ್ಲಿ ಇಂತಹ ನೊರೆಗಣಗಳು ಗುಂಪುಗೂಡುವುದರಿಂದಲೇ ಹೃದಯಾಘಾತಕ್ಕೆ ನಾಂದಿಯಾಗುವುದು. ಆದ್ದರಿಂದ ಕಣದೊಳಗೆ ಕೊಬ್ಬಿನ ಲೆಕ್ಕವನ್ನು ಸದಾ ನೋಡಿಕೊಳ್ಳುವವರು ಯಾರಾದರೂ ಇರಲೇಬೇಕು. ಆ ಲೆಕ್ಕಿಗರೇ ಕೋಶಕೇಂದ್ರ ಗ್ರಾಹಿಗಳು.

ಗ್ರಾಹಿಗಳ ಕಥೆ

ಇಂಗ್ಲಿಷಿನಲ್ಲಿ ಇವನ್ನು ನ್ಯೂಕ್ಲಿಯರ್ ರಿಸೆಪ್ಟರ್‌ಗಳೆಂದು ಕರೆಯುತ್ತಾರೆ. ಪರಮಾಣು ಶಕ್ತಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಜೀವಕೋಶದ ಕೇಂದ್ರದಲ್ಲಿ ಕೆಲಸ ಮಾಡುವ ಪ್ರೋಟೀನುಗಳಾದುದರಿಂದ ಆ ಹೆಸರು.

ಇನ್ಸುಲಿನ್ನಿನಂತಹ ನೀರಿನಲ್ಲಿ ಕರಗುವ ಹಾರ್ಮೋನುಗಳು ಕಣದ ಪೊರೆಯನ್ನು ದಾಟಿ ಒಳಹೊಗಲಾರವು. ಅವು ಹೊರಬಾಗಿಲಲ್ಲಿ ನಿಂತು ಕೂಗುವ ನೆಂಟನಂತೆ. ಒಳಗಿನವರು ಕೇಳಿ ಸುದ್ದಿಯನ್ನು ಮುಟ್ಟಿಸಬೇಕು. ಮೇದೋವಸ್ತುಗಳ ರೀತಿ ಬೇರೆ. ಪೊರೆಯೇ ಕೊಬ್ಬಿನದಾದುದರಿಂದ ಕೊಬ್ಬಿನ ಜಾತಿಯ ಸಣ್ಣ ಅಣುಗಳು ಅದನ್ನು ತೂರಿ ಒಳಹೊಕ್ಕು ನೇರವಾಗಿ ಕೇಂದ್ರದವರೆಗೂ ಹೋಗಬಲ್ಲವು. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಎಲ್‌ವುಡ್ ಜೆನ್ಸನ್ ಎಂಬಾತನು, ಸ್ತ್ರೀ ಹಾರ್ಮೋನಾದ ಈಸ್ಟ್ರಡಯಾಲಿಗೆ ವಿಕಿರಣಶೀಲ ಜಲಜನಕವನ್ನು ಸೇರಿಸಿ, ಅದು ದೇಹದಲ್ಲಿ ಎಲ್ಲಿ ಸೇರುವುದೆಂದು ಬೆನ್ನಟ್ಟಿದನು. ಗರ್ಭಕೋಶದ ಕಣಗಳು ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡುವು. ಹಿಡಿದವು ಆ ಕಣಗಳೊಳಗಿನ ಪ್ರೋಟೀನುಗಳೆಂದು ಗೊತ್ತಾಯಿತು. ೧೯೮೫ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಎವನ್ಸ್ ಮತ್ತು ಸಂಗಡಿಗರು ಕಾರ್ಟಿಸಾಲ್ ಹಾರ್ಮೋನಿನ ಗ್ರಾಹಿಯ ಜೀನನ್ನು ಬೇರ್ಪಡಿಸಿ ಅದರ ರಚನೆಯನ್ನು ಓದಿದರು. ಅದೇ ಸುಮಾರಿಗೆ ಫ್ರಾನ್ಸಿನ ಪಿಯೆರ್ ಷಾಂಬೊನ್ ಸ್ತ್ರೀ ಹಾರ್ಮೋನಿನ ಗ್ರಾಹಿಯ ಬಗ್ಗೆ ಇಂತಹ ಕೆಲಸವನ್ನೇ ನಡೆಸಿದನು. ಈ ಮೂವರಿಗೂ ೨೦೦೪ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಒಂದು ಗ್ರಾಹಿಯ ಜೀನನ್ನು ಓದಿದ ಮೇಲೆ ಅದೇ ಅಚ್ಚಿನ ಇತರ ಜೀನುಗಳು ಸಾಲುಸಾಲಾಗಿ ದೊರೆತವು. ಮನುಷ್ಯನಲ್ಲಿ ಇಂತಹವು ಒಟ್ಟು ೪೮. ಅವುಗಳಲ್ಲಿ ಎಷ್ಟೋ ಗ್ರಾಹಿಗಳು ಯಾವ ವಸ್ತುವನ್ನು ಹಿಡಿಯುತ್ತವೆಂದು ಮೊದಲಿಗೆ ಗೊತ್ತಿರಲಿಲ್ಲ. ತಂದೆತಾಯಿಗಳ ಸುಳಿವಿಲ್ಲದ ಕೂಸುಗಳಂತೆ ಅವನ್ನು ಅನಾಥ ಗ್ರಾಹಿಗಳೆಂದರು. ಈ ಅನಾಥರ ನೆಂಟರನ್ನು ಹುಡುಕುತ್ತ ಹೋದಾಗ ಸಿಕ್ಕಿದವುಗಳಲ್ಲಿ ಅನೇಕವು ಯಾವ ಗ್ರಂಥಿಯಿಂದಲೂ ಬರುವ ಹಾರ್ಮೋನುಗಳಾಗಿರದೆ, ನಾವು ದಿನವೂ ಉಣ್ಣುವ ಮತ್ತು ದೇಹವೇ ತಯಾರಿಸುವ ಕೊಬ್ಬಿನ ಆಮ್ಲಗಳು, ಕೊಲೆಸ್ಟರಾಲಿನ ರೂಪಾಂತರಗಳು, ಪಿತ್ತಾಮ್ಲಗಳು ಆಗಿದ್ದುವು. ಹೀಗೆ ಆಹಾರವು ಜೀನುಗಳೊಡನೆ ನೇರವಾಗಿ ಮಾತನಾಡುವ ಒಂದು ದಾರಿ ತೆರೆದುಕೊಂಡಿತು.

ಗ್ರಾಹಿಯ ಕೆಲಸವನ್ನು ಒಂದು ದೊಡ್ಡ ಮನೆಯ ಉಗ್ರಾಣಿಗೆ ಹೋಲಿಸಬಹುದು. ಉಗ್ರಾಣಿಯ ಒಂದು ಕೈ ಪಣತದ ಮೇಲಿದೆ, ಇನ್ನೊಂದು ಕೈ ಮನೆಯ ಆಜ್ಞಾಪತ್ರಗಳ ಮೇಲಿದೆ. ಗ್ರಾಹಿಯ ಒಂದು ತುದಿಯಲ್ಲಿ ಕೊಬ್ಬಿನ ಅಣು ಕೂರುವ ಪೊಟರೆಯುಂಟು. ಇನ್ನೊಂದು ಭಾಗವು ಡಿಎನ್‌ಎ ಎಂಬ ವಂಶಸೂತ್ರದ ಗೊತ್ತಾದ ತಾಣಗಳನ್ನು ಹಿಡಿಯುತ್ತದೆ. ಪೊಟರೆ ಬರಿದಾಗಿದ್ದಾಗ ಗ್ರಾಹಿಯ ಜೊತೆಗೆ ಜೀನುಗಳನ್ನು ಅದುಮಿಡುವ ಪ್ರೋಟೀನುಗಳು ಅಂಟಿಕೊಂಡಿರುತ್ತವೆ. ಸರಿಯಾದ ಅಣು ಬಂದು ಕೂತೊಡನೆ ಗ್ರಾಹಿಯ ಆಕಾರ ಸ್ವಲ್ಪ ಬದಲಾಗುತ್ತದೆ. ಅದುಮುವವರು ಕಳಚಿಕೊಳ್ಳುತ್ತಾರೆ, ಎಬ್ಬಿಸುವವರು ಸೇರಿಕೊಳ್ಳುತ್ತಾರೆ, ಜೀನು ಎಚ್ಚರಗೊಳ್ಳುತ್ತದೆ. ಇಂತಹ ಗ್ರಾಹಿಗಳಲ್ಲಿ ಹಲವು ಒಂಟಿಯಾಗಿ ಕೆಲಸ ಮಾಡವು. ೧೯೯೦ರಲ್ಲಿ ಪತ್ತೆಯಾದ ಆರ್‌ಎಕ್ಸ್‌ಆರ್ ಎಂಬ ಗ್ರಾಹಿಯನ್ನು ಜೊತೆಗೂಡಿಸಿಕೊಂಡೇ ಅವು ವಂಶಸೂತ್ರದ ಮೇಲೆ ಕೂರುತ್ತವೆ.

ಹೋರಾಟವೇ, ಶಾಂತಿಯೇ?

೧೯೯೬ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಡೇವಿಡ್ ಮ್ಯಾಂಗೆಲ್ಸ್‌ಡಾರ್ಫ್ ಮತ್ತು ಸಂಗಡಿಗರು, ಎಲ್‌ಎಕ್ಸ್‌ಆರ್ ಎಂಬ ಅನಾಥ ಗ್ರಾಹಿಯು ಆಕ್ಸಿಸ್ಟರಾಲುಗಳನ್ನು ಹಿಡಿಯುತ್ತದೆಂದು ತೋರಿಸಿದರು. ಕೊಲೆಸ್ಟರಾಲಿಗೆ ಆಮ್ಲಜನಕ ಸೇರಿದಾಗ ಹುಟ್ಟುವ ವಸ್ತುಗಳೇ ಆಕ್ಸಿಸ್ಟರಾಲುಗಳು. ಕಣದಲ್ಲಿ ಕೊಲೆಸ್ಟರಾಲ್ ಹೆಚ್ಚಿದಂತೆ ಇವೂ ಹೆಚ್ಚುತ್ತವೆ. ಆಗ ಎಲ್‌ಎಕ್ಸ್‌ಆರ್ ಎಚ್ಚರಗೊಂಡು, ಕೊಲೆಸ್ಟರಾಲನ್ನು ಹೊರಕ್ಕೆ ಸಾಗಿಸುವ ಪ್ರೋಟೀನುಗಳನ್ನು ತಯಾರಿಸುವಂತೆ ಜೀನುಗಳಿಗೆ ಅಪ್ಪಣೆ ಕೊಡುತ್ತದೆ. ಇಷ್ಟೇ ಆಗಿದ್ದರೆ ಇದು ಬರಿಯ ಉಗ್ರಾಣದ ಲೆಕ್ಕವಾಗುತ್ತಿತ್ತು. ಆದರೆ ೨೦೦೩ರಲ್ಲಿ ಲಾಸ್ ಏಂಜಲೀಸಿನ ಪೀಟರ್ ಟೊಂಟೊನೋಜ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಕಂಡರು. ಎಲ್‌ಎಕ್ಸ್‌ಆರ್ ಎಚ್ಚರಗೊಂಡ ಮಹಾಭಕ್ಷಕಗಳಲ್ಲಿ ಉರಿಯೂತವನ್ನು ಎಬ್ಬಿಸುವ ಜೀನುಗಳು ತಗ್ಗಿದ್ದುವು. ಕೊಬ್ಬಿನ ಲೆಕ್ಕವನ್ನು ಬರೆಯುವ ಕೈಯೇ ಯುದ್ಧದ ಭೇರಿಯನ್ನೂ ತಡೆಯುತ್ತಿತ್ತು!

ಇದರ ಅರ್ಥವು ೨೦೦೯ರ ಹೊತ್ತಿಗೆ ಇನ್ನಷ್ಟು ಸ್ಪಷ್ಟವಾಯಿತು. ಸತ್ತ ಕಣಗಳನ್ನು ನುಂಗಿದ ಮಹಾಭಕ್ಷಕದಲ್ಲಿ ಕೊಲೆಸ್ಟರಾಲ್ ಏರುತ್ತದೆ, ಎಲ್‌ಎಕ್ಸ್‌ಆರ್ ಎಚ್ಚರವಾಗುತ್ತದೆ, ಅದು ಇನ್ನಷ್ಟು ಸತ್ತ ಕಣಗಳನ್ನು ಹಿಡಿಯಲು ಬೇಕಾದ ಪ್ರೋಟೀನನ್ನು ಹೆಚ್ಚಿಸಿ, ಜೊತೆಗೆ ಉರಿಯೂತವನ್ನೂ ಶಾಂತಗೊಳಿಸುತ್ತದೆ. ಹೊಟ್ಟೆಗೆ ಬಿದ್ದ ಕೊಬ್ಬೇ ಇಲ್ಲಿ, ಯುದ್ಧ ಮುಗಿಯಿತು, ಇನ್ನು ಗುಡಿಸು ಎಂಬ ಸಂದೇಶ. ಎಲ್‌ಎಕ್ಸ್‌ಆರ್ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ಗುಡಿಸುವ ಕೆಲಸ ಕೆಟ್ಟು, ವಯಸ್ಸಾದಂತೆ ದೇಹವು ತನ್ನ ಮೇಲೆ ತಾನೇ ತಿರುಗಿಬೀಳುವ ರೋಗ ಕಾಣಿಸಿಕೊಂಡಿತು.

ಹಾಗಾದರೆ ಎಲ್‌ಎಕ್ಸ್‌ಆರ್ ಎಂಬುದು ಕೇವಲ ಹೋರಾಟವನ್ನು ನಿಲ್ಲಿಸುವ ಸಾಧನವೇ? ಅಷ್ಟು ಸುಲಭವಾಗಿ ತೀರ್ಮಾನಿಸಲಾಗದು. ೨೦೦೪ರ ಒಂದು ಪ್ರಯೋಗದಲ್ಲಿ ಈ ಗ್ರಾಹಿ ಇಲ್ಲದ ಇಲಿಗಳು ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಕ್ಕೆ ಬೇಗನೆ ಬಲಿಯಾದುವು. ಅವುಗಳ ಮಹಾಭಕ್ಷಕಗಳು ಬ್ಯಾಕ್ಟೀರಿಯವನ್ನು ನುಂಗಿದ ಮೇಲೆ ತಾವೇ ಸಾಯುತ್ತಿದ್ದುವು. ಕ್ಷಯದ ರೋಗಾಣುವಿನ ವಿಷಯದಲ್ಲಿಯೂ ಇಂತಹ ಇಲಿಗಳು ದುರ್ಬಲವಾಗಿದ್ದುದು ಕಂಡುಬಂತು. ಸಿಪಾಯಿಯು ಹೋರಾಡಬೇಕಾದರೆ ಮೊದಲು ಅವನು ಬದುಕಿರಬೇಕಷ್ಟೆ.

ಇದೇ ವರ್ಗದ ಇನ್ನೊಂದು ಗ್ರಾಹಿ ಪಿಪಿಎಆರ್ ಗ್ಯಾಮಾ. ಕೊಬ್ಬಿನ ಆಮ್ಲಗಳೂ ಅವುಗಳಿಂದಾದ ವಸ್ತುಗಳೂ ಇದಕ್ಕೆ ಅಂಟುತ್ತವೆ. ಕೊಬ್ಬನ್ನು ಕೂಡಿಡುವ ಕಣಗಳು ಹುಟ್ಟುವುದಕ್ಕೆ ಇದು ಅಗತ್ಯ. ೧೯೯೮ರಲ್ಲಿ ಇದು ಮಹಾಭಕ್ಷಕಗಳ ಉರಿಯೂತವನ್ನೂ ತಗ್ಗಿಸುತ್ತದೆಂದು ತಿಳಿದುಬಂತು. ಸಿಹಿಮೂತ್ರ ರೋಗಿಗಳಿಗೆ ವೈದ್ಯರು ಕೊಡುವ ಪಯೊಗ್ಲಿಟಜೋನ್ ಎಂಬ ಮಾತ್ರೆ ಅಂಟುವುದು ಈ ಗ್ರಾಹಿಗೇ.

ಮಹಾಭಕ್ಷಕಗಳಂತೆಯೇ ರೋಗವನ್ನು ನೆನಪಿಟ್ಟುಕೊಳ್ಳುವ ಟಿ-ಕಣಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ವೈರಸ್ಸನ್ನು ಗುರುತಿಸಿದ ಒಂದು ಟಿ-ಕಣವು ಒಡೆದು ಸಾವಿರಾರು ಕಣಗಳಾಗಬೇಕು. ಪ್ರತಿ ಹೊಸ ಕಣಕ್ಕೂ ಹೊಸ ಪೊರೆ, ಹೊಸ ಪೊರೆಗೆ ಕೊಲೆಸ್ಟರಾಲ್ ಬೇಕು. ಆದುದರಿಂದ ಒಡೆಯಲು ಅಣಿಯಾದ ಟಿ-ಕಣವು ತನ್ನಲ್ಲಿರುವ ಆಕ್ಸಿಸ್ಟರಾಲುಗಳನ್ನು ನಿಷ್ಕ್ರಿಯಗೊಳಿಸಿ, ಎಲ್‌ಎಕ್ಸ್‌ಆರ್ ಕೊಲೆಸ್ಟರಾಲನ್ನು ಹೊರಹಾಕದಂತೆ ನೋಡಿಕೊಳ್ಳುತ್ತದೆಂದು ೨೦೦೮ರಲ್ಲಿ ಗೊತ್ತಾಯಿತು. ಪರಂಗಿ ಹಣ್ಣು, ನುಗ್ಗೆ ಸೊಪ್ಪುಗಳಿಂದ ದೊರೆಯುವ ಎ ಜೀವಸತ್ವವು ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ ಮಾರ್ಪಟ್ಟು, ಅಂತಹುದೇ ಗ್ರಾಹಿಯ ಮೂಲಕ ಟಿ-ಕಣಗಳನ್ನು ಕರುಳಿನ ಕಾವಲಿಗೆ ಕಳುಹಿಸುತ್ತದೆ. ಚರ್ಮದಲ್ಲಿರುವ ಕೊಲೆಸ್ಟರಾಲಿನ ಸಂಬಂಧಿಯೊಂದರಿಂದ ಬಿಸಿಲಿನ ನೆರವಿನಿಂದ ಹುಟ್ಟುವ ಡಿ ಜೀವಸತ್ವವೂ ತನ್ನದೇ ಕೋಶಕೇಂದ್ರ ಗ್ರಾಹಿಯನ್ನು ಹಿಡಿದು, ಕ್ಷಯದ ರೋಗಾಣುವನ್ನು ಕೊಲ್ಲುವ ಪದಾರ್ಥವನ್ನು ಮಹಾಭಕ್ಷಕಗಳಲ್ಲಿ ಹುಟ್ಟಿಸುತ್ತದೆಂದು ೨೦೦೬ರಲ್ಲಿ ಪ್ರಕಟವಾಯಿತು.

ವೈರಸ್ಸೂ ಉಗ್ರಾಣಕ್ಕೆ ಕೈಹಾಕುತ್ತದೆ

ಈಗ ಮಲೆನಾಡಿನ ಜ್ವರಕ್ಕೆ ಮರಳೋಣ. ವೈರಸ್ಸಿಗೆ ಸ್ವಂತ ಮನೆಯಿಲ್ಲ, ಸ್ವಂತ ಅಡುಗೆಯೂ ಇಲ್ಲ. ಫ್ಲೇವಿವೈರಸ್ಸುಗಳು ಜೀವಕಣವನ್ನು ಹೊಕ್ಕು, ಒಳಗಿನ ಪೊರೆಗಳನ್ನು ಮಡಿಸಿ ಸಣ್ಣ ಸಣ್ಣ ಗೂಡುಗಳನ್ನು ಮಾಡಿಕೊಂಡು, ಅವುಗಳ ಮರೆಯಲ್ಲಿ ತಮ್ಮ ಪ್ರತಿಗಳನ್ನು ತಯಾರಿಸುತ್ತವೆ. ಗೂಡು ಕಟ್ಟಲೂ, ಹೊರಬೀಳುವ ಹೊಸ ವೈರಸ್ಸಿನ ಹೊದಿಕೆಗೂ ಬೇಕಾದುದು ಮೇದೋವಸ್ತು. ಡೆಂಗೆಯ ವೈರಸ್ಸು ಕಣದಲ್ಲಿ ಕೂಡಿಟ್ಟ ಕೊಬ್ಬಿನ ಹನಿಗಳನ್ನು ಕರಗಿಸಿ, ಅದರಿಂದ ಬರುವ ಶಕ್ತಿಯನ್ನು ಬಳಸಿಕೊಳ್ಳುತ್ತದೆಂದು ೨೦೧೦ರಲ್ಲಿ ತಿಳಿದುಬಂತು. ಮಂಗನ ಕಾಯಿಲೆಯ ವೈರಸ್ಸಿಗೆ ಹತ್ತಿರದ ಬಂಧುವಾದ, ಯುರೋಪು ಮತ್ತು ರಷ್ಯಗಳ ಉಣುಗು-ಮಿದುಳುಜ್ವರದ ವೈರಸ್ಸು, ಕಚ್ಚಿದ ಜಾಗದ ಚರ್ಮದಲ್ಲಿರುವ ಭಕ್ಷಕ ಕಣಗಳನ್ನೇ ಮೊದಲು ಹೊಕ್ಕು ಬೆಳೆಯುತ್ತದೆ. ಕಾವಲುಗಾರನ ಮನೆಯಲ್ಲೇ ಕಳ್ಳನು ಬಿಡಾರ ಹೂಡಿದಂತಾಯಿತು.

ದೇಹವೂ ಸುಮ್ಮನಿರುವುದಿಲ್ಲ. ವೈರಸ್ಸಿನ ಸುಳಿವು ಸಿಕ್ಕೊಡನೆ ಕಣಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಹೊರಸೂಸುತ್ತವೆ. ಆ ಎಚ್ಚರಿಕೆಯನ್ನು ಕೇಳಿದ ಮಹಾಭಕ್ಷಕವು ಮಾಡುವ ಕೆಲಸಗಳಲ್ಲಿ ಒಂದು ಬಹು ಕುತೂಹಲಕರವಾದುದು. ಅದು ತನ್ನ ಕೊಲೆಸ್ಟರಾಲಿನ ಸ್ವಲ್ಪ ಭಾಗಕ್ಕೆ ಒಂದು ತಾಣದಲ್ಲಿ ಆಮ್ಲಜನಕವನ್ನು ಜೋಡಿಸಿ, ೨೫-ಹೈಡ್ರಾಕ್ಸಿ ಕೊಲೆಸ್ಟರಾಲ್ ಎಂಬ ಆಕ್ಸಿಸ್ಟರಾಲನ್ನು ತಯಾರಿಸುತ್ತದೆ. ಈ ವಸ್ತು ಸುತ್ತಣ ಕಣಗಳಿಗೆ ಹರಡಿ, ಅವುಗಳ ಪೊರೆಯಲ್ಲಿ ಕೊಲೆಸ್ಟರಾಲಿನ ಹಂಚಿಕೆಯನ್ನು ಬದಲಾಯಿಸಿ, ಹೊಸ ಕೊಲೆಸ್ಟರಾಲಿನ ತಯಾರಿಕೆಯನ್ನೂ ತಗ್ಗಿಸುತ್ತದೆ. ಆಗ ವೈರಸ್ಸಿಗೆ ಒಳಹೊಗುವುದೂ ಬೆಳೆಯುವುದೂ ಕಷ್ಟವಾಗುತ್ತದೆ. ಅನೇಕ ಬಗೆಯ ವೈರಸ್ಸುಗಳ ಮೇಲೆ ಇದರ ಪರಿಣಾಮವು ೨೦೧೩ರಲ್ಲಿ ಪ್ರಕಟವಾಯಿತು; ೨೦೧೭ರಲ್ಲಿ ಫ್ಲೇವಿವೈರಸ್ ಮನೆತನದ ಝೀಕಾದ ಮೇಲೂ ಪ್ರಾಣಿಗಳಲ್ಲಿ ಇದು ಸಿದ್ಧವಾಯಿತು. ಇದೇ ವಸ್ತು ಎಲ್‌ಎಕ್ಸ್‌ಆರ್ ಗ್ರಾಹಿಗೂ ಅಂಟುತ್ತದೆ. ವೈರಸ್ಸಿನ ದಾರಿಗೆ ಅಡ್ಡಗಟ್ಟುವ ಅಣುವೇ ಕೊಬ್ಬಿನ ಲೆಕ್ಕಿಗನ ಕೈಗೂ ಒಂದು ಚೀಟಿಯನ್ನು ಕೊಡುತ್ತದೆ.

ಹೊತ್ತು ತಿಳಿದ ಮದ್ದು

ಇಷ್ಟೆಲ್ಲ ತಿಳಿದ ಮೇಲೆ, ಉರಿಯೂತವನ್ನು ತಗ್ಗಿಸುವ ಗ್ರಾಹಿಯನ್ನು ಔಷಧದಿಂದ ಎಬ್ಬಿಸಿದರೆ ಜ್ವರ ವಾಸಿಯಾಗದೇ ಎಂದು ಓದುಗರು ಕೇಳಬಹುದು. ಇದಕ್ಕೆ ಅತ್ಯುತ್ತಮವಾದ ಉತ್ತರವನ್ನು ಕೊಡುವುದು ಇದೇ ಮನೆತನದ ಹಿರಿಯ ಗ್ರಾಹಿ, ಎಂದರೆ ಕಾರ್ಟಿಸಾಲಿನದು. ಕಾರ್ಟಿಸಾಲನ್ನು ಮೂತ್ರಜನಕಾಂಗದ ಮೇಲಿನ ಗ್ರಂಥಿಯು ಕೊಲೆಸ್ಟರಾಲಿನಿಂದಲೇ ತಯಾರಿಸುತ್ತದೆ. ಅಮೆರಿಕದ ಫಿಲಿಪ್ ಹೆಂಚ್ ೧೯೪೮ರಲ್ಲಿ ಅದರ ಸೋದರ ವಸ್ತುವಾದ ಕಾರ್ಟಿಸೋನನ್ನು ಕೀಲುವಾತದ ರೋಗಿಗೆ ಕೊಟ್ಟು ವಿಸ್ಮಯಕರ ಫಲವನ್ನು ಕಂಡನು. ೧೯೫೦ರಲ್ಲಿ ಕೆಂಡಲ್ ಮತ್ತು ರೈಖ್‌ಸ್ಟೈನ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದನು. ನಾವು ಸ್ಟಿರಾಯಿಡ್ ಮಾತ್ರೆ ಎನ್ನುವುದು ಇದೇ ವರ್ಗದ ಔಷಧವನ್ನು.

೨೦೨೦ರಲ್ಲಿ ಕೋವಿಡ್ ಪಿಡುಗಿನ ಕಾಲದಲ್ಲಿ ಬ್ರಿಟನ್ನಿನಲ್ಲಿ ಆರು ಸಾವಿರಕ್ಕೂ ಮೀರಿದ ರೋಗಿಗಳ ಮೇಲೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯಿಡ್ಡಿನ ಪರೀಕ್ಷೆ ನಡೆಯಿತು. ಉಸಿರಾಟದ ಯಂತ್ರದ ನೆರವಿನಲ್ಲಿದ್ದವರ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು. ಆದರೆ ಆಮ್ಲಜನಕದ ಅಗತ್ಯವೇ ಬೀಳದಿದ್ದ, ರೋಗದ ಹಗುರ ಸ್ಥಿತಿಯಲ್ಲಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಔಷಧವೂ ಒಂದೇ, ಗ್ರಾಹಿಯೂ ಒಂದೇ, ಭೇದವೆಲ್ಲ ಹೊತ್ತಿನದು. ವೈರಸ್ಸು ಬೆಳೆಯುತ್ತಿರುವ ಮೊದಲ ದಿನಗಳಲ್ಲಿ ದೇಹಕ್ಕೆ ಉರಿಯೂತ ಬೇಕು. ಹಗೆ ಅಳಿದ ಮೇಲೂ ಬೆಂಕಿ ಆರದೆ ಮನೆಯನ್ನೇ ಸುಡತೊಡಗಿದಾಗ ಅದನ್ನು ನಂದಿಸಬೇಕು. ಮೊದಲ ದಿನವೇ ನಂದಿಸಹೊರಟವನು ಹಗೆಗೆ ಬಾಗಿಲನ್ನು ತೆರೆದಂತೆ.

ಮಂಗನ ಕಾಯಿಲೆಯಲ್ಲಿ ಮೊದಲ ಜ್ವರದ ಹೊತ್ತಿಗೆ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ. ಅಂತಹ ಸಮಯದಲ್ಲಿ ಮೈಕೈನೋವು ಬೇಗ ಹೋಗಲೆಂದು ಪೇಟೆಯ ಅಂಗಡಿಯಿಂದ ಯಾವುದೋ ಮಾತ್ರೆಯನ್ನು ತಂದು ನುಂಗುವುದು ಎಷ್ಟು ಅಪಾಯಕರವೆಂಬುದು ಈಗ ಅರ್ಥವಾಗಬಹುದು. ಈ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧವಾಗಿ ನಿಗದಿಯಾದುದು ಯಾವುದೂ ಇಲ್ಲ. ರೋಗಿಗೆ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ನೋಡಿಕೊಳ್ಳುತ್ತ, ದೇಹವು ತನ್ನ ಕಾಳಗವನ್ನು ತಾನೇ ಗೆಲ್ಲುವವರೆಗೆ ಅದನ್ನು ಕಾಯುವುದೇ ಚಿಕಿತ್ಸೆ. ಯಾವ ಹಂತದಲ್ಲಿ ಯಾವ ಮದ್ದು ಎಂಬುದು ರಕ್ತಪರೀಕ್ಷೆಯನ್ನು ನೋಡಿದ ವ���ದ್ಯರ ತೀರ್ಮಾನಕ್ಕೆ ಬಿಟ್ಟದ್ದು. ಜ್ವರ ಬಿಟ್ಟ ಬಳಿಕವೂ ಮೂರನೆಯ ವಾರದವರೆಗೆ ಎಚ್ಚರದಿಂದಿರಬೇಕು.

ಇನ್ನೊಂದು ತಪ್ಪು ತಿಳಿವಳಿಕೆಗೂ ಎಡೆಗೊಡಬಾರದು. ಬಿಳಿಯ ಕಣಗಳು ಕೊಬ್ಬಿನ ಲೆಕ್ಕವನ್ನು ನೋಡುತ್ತವೆಂದ ಮಾತ್ರಕ್ಕೆ ತುಪ್ಪವನ್ನು ಬಿಟ್ಟರೆ ಅಥವಾ ಕೊಬ್ಬರಿ ಎಣ್ಣೆಯನ್ನು ಹೆಚ್ಚಾಗಿ ಉಂಡರೆ ಉಣುಗಿನ ಜ್ವರ ಬಾರದೆಂದು ಅರ್ಥವಲ್ಲ. ಕಣದೊಳಗಿನ ಕೊಲೆಸ್ಟರಾಲಿನಲ್ಲಿ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿ, ತಾನೇ ಹಂಚಿಕೊಳ್ಳುತ್ತದೆ. ತಟ್ಟೆಯ ತುತ್ತಿಗೂ ಗ್ರಾಹಿಯ ಪೊಟರೆಗೂ ನಡುವೆ ನೂರಾರು ಮೆಟ್ಟಿಲುಗಳಿವೆ. ಪಥ್ಯವನ್ನು ಬೋಧಿಸುವುದು ಈ ವಿಜ್ಞಾನದ ಉದ್ದೇಶವಲ್ಲ. ಮುಂದೊಂದು ದಿನ, ಉರಿಯೂತವನ್ನು ಪೂರ್ತಿ ಅಡಗಿಸದೆ ಬೇಕಾದ ಕಣದಲ್ಲಿ ಬೇಕಾದ ಹೊತ್ತಿಗೆ ಮಾತ್ರ ಹದಗೊಳಿಸುವ ಔಷಧಗಳಿಗೆ ದಾರಿಯನ್ನು ತೋರಿಸುವುದು ಅದರ ಉದ್ದೇಶ.

ಅಲ್ಲಿಯವರೆಗೆ ಮಲೆನಾಡಿನವರ ರಕ್ಷಣೆ ಅವರ ಎಚ್ಚರದಲ್ಲಿದೆ. ಹಿಂದೆ ಬಳಕೆಯಲ್ಲಿದ್ದ ಲಸಿಕೆಯು ೨೦೨೨ರಲ್ಲಿ ನಿಂತುಹೋಯಿತು. ಹೊಸದೊಂದು ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಪ್ರಯತ್ನವನ್ನು ಕೈಗೊಂಡಿದೆ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಒಗೆಯುವುದು, ಸತ್ತ ಮಂಗವನ್ನು ಕಂಡರೆ ಮುಟ್ಟದೆ ಅಧಿಕಾರಿಗಳಿಗೆ ತಿಳಿಸುವುದು, ಜ್ವರ ಬಂದೊಡನೆ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು, ಇವು ಯಾವ ಪ್ರಯೋಗಶಾಲೆಯನ್ನೂ ಕಾಯಬೇಕಾಗಿಲ್ಲದ ಉಪಾಯಗಳು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪಠ್ಯಪುಸ್ತಕಗಳಲ್ಲಿ ಆಹಾರದ ಪಚನ ಒಂದು ಅಧ್ಯಾಯ, ರೋಗನಿರೋಧ ಇನ್ನೊಂದು ಅಧ್ಯಾಯ. ಜೀವಕಣಕ್ಕೆ ಅಂತಹ ಅಧ್ಯಾಯಗಳಿಲ್ಲ. ಉಣ್ಣುವುದು, ಕೂಡಿಡುವುದು, ಹೋರಾಡುವುದು, ಗುಡಿಸುವುದು ಎಲ್ಲವೂ ಅಲ್ಲಿ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡುತ್ತವೆ. ಆ ಪುಸ್ತಕದ ಕೆಲವು ಪುಟಗಳನ್ನು ಮಾತ್ರ ನಾವು ಓದಲು ಕಲಿತಿದ್ದೇವೆ. ತುಂಗೆ, ಭದ್ರೆಯರ ನಡುವಣ ಕಾಡುಗಳ ಈ ಜ್ವರದ ಪುಟವನ್ನು ಓದುವವರು ಅಲ್ಲಿಯ ಶಾಲೆ ಕಾಲೇಜುಗಳಿಂದಲೇ ಎದ್ದು ಬಂದರೆ, ಅದಕ್ಕಿಂತ ಉಚಿತವಾದುದು ಬೇರೆ ಯಾವುದಿದೆ?